ಪಂದಿ ಕರಿ ಗಟ್ಟಿಯಾದದ್ದು ಯಾಕೆ?

ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಮೊದಲೇ ಹಾಕಿ ಮುಕ್ಕಾಲು ಗಂಟೆ ಬೇಯಿಸಿದರೂ ಪಂದಿ (ಹಂದಿ) ಮಾಂಸ ಜಗಿಯಲಾಗದಷ್ಟು ಗಟ್ಟಿ ಉಳಿಯಿತು ಅಂದಿದ್ದೀರಿ. ಹುಳಿ ಬಿದ್ದ ಹೊತ್ತು, ಬೇಯಿಸಿದ ಸಮಯ ಎರಡೂ ಕೈಕೊಟ್ಟಿವೆ.

ಸ್ನಾಯುವಿನ ಮುಖ್ಯ ಪ್ರೋಟೀನ್ ಮಯೋಸಿನ್. ಅದರ ಮೇಲೆ ಧನ, ಋಣ ವಿದ್ಯುದಂಶಗಳಿರುತ್ತವೆ. ಹಸಿ ಮಾಂಸದ ಪಿಎಚ್ (ಹುಳಿಯ ಅಳತೆ; ಇಳಿದಷ್ಟೂ ಹುಳಿ ಹೆಚ್ಚು) ಸುಮಾರು 5.6. ಸ್ವಲ್ಪ ಹುಳಿ ಸೇರಿ ಅದು 5.2ರ ಆಸುಪಾಸಿಗೆ ಇಳಿದರೆ ಧನ, ಋಣ ಎರಡೂ ಸಮವಾಗಿ, ಸ್ನಾಯುವಿನ ಎಳೆಗಳನ್ನು ದೂರ ಇಡುತ್ತಿದ್ದ ವಿಕರ್ಷಣೆ ಹೋಗುತ್ತದೆ. ಎಳೆಗಳು ಒತ್ತಿಕೊಂಡು ನೀರು ಹೊರಬೀಳುತ್ತದೆ. ಮೇಲಿಂದ ಬಿಸಿಯೂ ತಾಗಿದರೆ ಆ ನೀರು ಮತ್ತೆ ಒಳಗೆ ಹೋಗುವುದಿಲ್ಲ.

ಚರ್ಮ, ನಾರಿನಲ್ಲಿರುವುದು ಕೊಲಾಜೆನ್ ಎಂಬ ಇನ್ನೊಂದು ಪ್ರೋಟೀನ್: ಹಗ್ಗದಂತೆ ಹೆಣೆದ ಮೂರು ಸರಪಳಿ. ಸರಪಳಿಯ ಪ್ರತಿ ಮೂರನೆಯ ಕೊಂಡಿ ಗ್ಲೈಸಿನ್ ಎಂಬ ಅಮೈನೊ ಆಮ್ಲ. ಎಲ್ಲಕ್ಕಿಂತ ಚಿಕ್ಕದಾದ್ದರಿಂದ ಹೆಣಿಗೆಯ ನಡುವಿನ ಇಕ್ಕಟ್ಟಿನಲ್ಲಿ ಅದಕ್ಕೆ ಮಾತ್ರ ಜಾಗ. 60–70 ಡಿಗ್ರಿಯಲ್ಲಿ ಕೊಲಾಜೆನ್ ಮೊದಲು ಕುಗ್ಗಿ ಮಾಂಸವನ್ನು ಇನ್ನೂ ಬಿಗಿಯುತ್ತದೆ. ಮೆತ್ತನೆಯ ಜೆಲಾಟಿನ್ ಆಗಿ ಕರಗುವುದು ಆಮೇಲೆ, ನಿಧಾನವಾಗಿ. ನೀವು ಒಲೆ ಆರಿಸಿದ್ದು ಬಹುಶಃ ಈ ನಡುವಿನ ಹಂತದಲ್ಲೇ. ಮಡಿಕೇರಿಯಂಥ ಎತ್ತರದ ಊರಿನಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಇನ್ನಷ್ಟು ತಡ.

ಮುಂದಿನ ಸಲ ಭುಜದ ಭಾಗ ತನ್ನಿ, ಚರ್ಮ ಕೊಬ್ಬು ಇರಲಿ. ಒಂದು ಕಿಲೋಗೆ ಉಪ್ಪು, ಅರಿಶಿನ, ಖಾರ ಹಚ್ಚಿ, ಮುಚ್ಚಿ, ಸಣ್ಣ ಉರಿಯಲ್ಲಿ ಒಂದೂಕಾಲರಿಂದ ಒಂದೂವರೆ ಗಂಟೆ ಬೇಯಿಸಿ. ಜೋರಾಗಿ ಕುದಿಸಬೇಡಿ. ಚರ್ಮದೊಳಗೆ ಚಾಕು ತಡೆಯಿಲ್ಲದೆ ಇಳಿದ ಮೇಲೆಯೇ ಹುರಿದ ಮಸಾಲೆ ಪುಡಿ, ಕೊನೆಗೆ ಒಂದು ದೊಡ್ಡ ಚಮಚ ಕಾಚಂಪುಳಿ. ಐದು ನಿಮಿಷ ಸಾಕು. ರುಚಿ ನೋಡಿ ಇನ್ನರ್ಧ ಚಮಚ ಸೇರಿಸಬಹುದು.