‘ಅಥವಾ’ ಅಂದರೆ ಕೂಡು, ‘ಮತ್ತು’ ಅಂದರೆ ಗುಣಿಸು: ಪರೀಕ್ಷೆಗೆ ಇಷ್ಟು ನೆನಪಿಟ್ಟರೆ ಸಾಕಾ?

ಸಂಭವನೀಯತೆಯಲ್ಲಿ ಪರಸ್ಪರ ವರ್ಜಕ ಘಟನೆಗಳ, ಅಂದರೆ ಒಟ್ಟಿಗೆ ಆಗಲಾರದ ಘಟನೆಗಳ, ಲೆಕ್ಕಕ್ಕೆ ಈ ಒಂದು ಸಾಲು ಸಾಕಾ ಅಂತ ಕೇಳಿದ್ದೀರಿ. ಸಾಲದು. ಇದೇ ಸಾಲನ್ನು ನಂಬಿಕೊಂಡು ನಾನು ಒಂದು ಕೆಲಸ ಕಳೆದುಕೊಂಡಿದ್ದೇನೆ.

ನಮ್ಮದು ಬದಿಯಡ್ಕದ ಹತ್ತಿರ. ಆಗಷ್ಟೇ ಬಿ.ಎಡ್. ಮುಗಿದಿತ್ತು. ಕುಂಬಳೆ ಕಡೆಯ ಒಂದು ಶಾಲೆಗೆ ಕನ್ನಡ ಮಾಧ್ಯಮದಲ್ಲಿ ಗಣಿತ ಕಲಿಸುವವರು ಬೇಕಿತ್ತು. ತಾತ್ಕಾಲಿಕ ಹುದ್ದೆ, ದಿನಕ್ಕಿಷ್ಟು ಅಂತ ಸಂಬಳ. ಆದರೂ ಮನೆಯಿಂದ ಒಂದೇ ಬಸ್ಸು, ಅಷ್ಟು ಸಾಕಿತ್ತು ನನಗೆ. ಇಂಟರ್‌ವ್ಯೂನಲ್ಲಿ ಹತ್ತು ನಿಮಿಷ ಪಾಠ ಮಾಡಿ ತೋರಿಸಬೇಕಿತ್ತು. ನಾನು ಸಂಭವನೀಯತೆ ಆರಿಸಿಕೊಂಡೆ. ನಾಣ್ಯ, ದಾಳ ಎಲ್ಲರೂ ಹೇಳುತ್ತಾರೆ, ನಮ್ಮ ಊರಿನದ್ದೇ ಉದಾಹರಣೆ ಇರಲಿ ಅನ್ನಿಸಿತು. ಕಾಸರಗೋಡನ್ನು ಸಪ್ತಭಾಷೆಗಳ ನಾಡು ಅನ್ನುತ್ತೇವೆ ಅಲ್ವಾ? ತರಬೇತಿಯ ದಿನಗಳಲ್ಲಿ ಒಂದು ಕ್ಲಾಸಿನ 40 ಮಕ್ಕಳನ್ನು ಕೇಳಿ ಯಾರಿಗೆ ಯಾವ ಭಾಷೆ ಬರುತ್ತದೆ ಎಂದು ಪಟ್ಟಿ ಮಾಡಿಟ್ಟಿದ್ದೆ. ಅದನ್ನೇ ತೆಗೆದುಕೊಂಡು ಹೋದೆ.

ತುಳು ಬರುವವರು 24. ಕೊಂಕಣಿ ಬರುವವರು 9. ಚೀಟಿ ಎತ್ತಿ ಒಂದು ಮಗುವನ್ನು ಆರಿಸಿದರೆ, ಅದಕ್ಕೆ ತುಳು ಅಥವಾ ಕೊಂಕಣಿ ಬರುವ ಸಂಭವನೀಯತೆ ಎಷ್ಟು? ಬೋರ್ಡಿನಲ್ಲಿ ಧೈರ್ಯವಾಗಿ ಬರೆದೆ: 24/40 + 9/40 = 33/40.

ಎದುರು ಕೂತಿದ್ದ ಹಿರಿಯ ಮಾಷ್ಟ್ರು ಮೆಲ್ಲಗೆ ಕೇಳಿದರು: “ನನಗೆ ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ತುಳು. ಆ ಕ್ಲಾಸಿನಲ್ಲಿ ನಾನಿದ್ದರೆ ನನ್ನನ್ನು ಎಷ್ಟು ಸಲ ಎಣಿಸುತ್ತಿದ್ದಿರಿ?”

ಎರಡು ಸಲ. ನನಗೆ ಮಾತೇ ಹೊರಡಲಿಲ್ಲ.

ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ತಪ್ಪೆಲ್ಲ ಇಲ್ಲೇ ಇದೆ. ಆ ಪಟ್ಟಿಯಲ್ಲಿ 6 ಮಕ್ಕಳಿಗೆ ತುಳುವೂ ಬರುತ್ತಿತ್ತು, ಕೊಂಕಣಿಯೂ ಬರುತ್ತಿತ್ತು. 24ರ ಒಳಗೂ ಆ 6 ಮಂದಿ ಇದ್ದಾರೆ, 9ರ ಒಳಗೂ ಅವರೇ ಇದ್ದಾರೆ. ಹಾಗಾಗಿ ಒಂದು ಸಲ ಕಳೆಯಬೇಕು. 24 + 9 – 6 = 27. ಸರಿ ಉತ್ತರ 27/40. ಆ ಆರು ಹೆಸರನ್ನು ಎರಡೂ ಕಡೆ ಬರೆದದ್ದು ನಾನೇ, ನನ್ನ ಕೈಯಾರೆ. ಆದರೆ ‘ಅಥವಾ’ ಕಂಡ ಕೂಡಲೇ ಕೈ ಕೂಡಿಯಾಗಿತ್ತು, ಪಟ್ಟಿಯತ್ತ ಕಣ್ಣು ಹೋಗಲೇ ಇಲ್ಲ. ಅದೇ ಪಟ್ಟಿಯಲ್ಲಿ ಮಲಯಾಳ ಬರುವವರು 30 ಇದ್ದರು. ತುಳು ಅಥವಾ ಮಲಯಾಳ ಅಂತ ಕೇಳಿದ್ದರೆ 54/40 ಬರುತ್ತಿತ್ತು. ಸಂಭವನೀಯತೆ 1 ದಾಟಲು ಸಾಧ್ಯವಿಲ್ಲ, ಅಲ್ಲೇ ಎಚ್ಚರವಾಗುತ್ತಿತ್ತು. 33/40 ಒಂದರ ಒಳಗೇ ಇತ್ತು. ಅದಕ್ಕೇ ನನಗೆ ಸಂಶಯ ಬರಲಿಲ್ಲ.

ಕೆಲಸ ಬೇರೆಯವರಿಗೆ ಸಿಕ್ಕಿತು. ಆ ವರ್ಷ ಪೂರ್ತಿ ಮಂಗಳೂರಿನ ಒಂದು ಟ್ಯೂಷನ್ ಸೆಂಟರಿಗೆ ರೈಲಿನಲ್ಲಿ ಓಡಾಡಿದೆ. ಉಪ್ಪಳ ದಾಟಿ ಮಂಜೇಶ್ವರ ಬಂದಾಗ ಗೋವಿಂದ ಪೈಗಳು ನೆನಪಾಗುತ್ತಿದ್ದರು. ಮನೆಮಾತು ಕೊಂಕಣಿ, ಬರೆದದ್ದು ಕನ್ನಡದಲ್ಲಿ, ಅದರ ಮೇಲೆ ಎಷ್ಟೋ ಭಾಷೆ ಕಲಿತವರು. ಅವರ ಹೆಸರು ನನ್ನ ಪಟ್ಟಿಯಲ್ಲಿ ಎಷ್ಟು ಕಡೆ ಬರುತ್ತಿತ್ತೋ!

ಅದೇ ಮಕ್ಕಳ ಮನೆಮಾತು ಕೇಳಿದರೆ ಕಥೆ ಬೇರೆ. ಒಬ್ಬರಿಗೆ ಒಂದೇ ಅಂತ ಬರೆಸಿದ್ದೆ: ತುಳು 14, ಮಲಯಾಳ 11, ಕನ್ನಡ 8, ಕೊಂಕಣಿ 4, ಮರಾಠಿ 3. ಕೂಡಿದರೆ ಸರಿಯಾಗಿ 40. ಒಂದು ಸಾಲಿನಲ್ಲಿರುವ ಹೆಸರು ಇನ್ನೊಂದರಲ್ಲಿ ಇಲ್ಲ. ಪರಸ್ಪರ ವರ್ಜಕ ಅಂದರೆ ಇದು. ಇಲ್ಲಿ ತುಳು ಅಥವಾ ಕೊಂಕಣಿ 18/40, ಧೈರ್ಯವಾಗಿ ಕೂಡಿ. 1933ರಲ್ಲಿ ರಷ್ಯಾದ ಗಣಿತಜ್ಞ ಕೊಲ್ಮೊಗೊರೊವ್ ಸಂಭವನೀಯತೆಯ ಮೂಲ ನಿಯಮಗಳನ್ನು ಬರೆದಾಗಲೂ ಸುಮ್ನೆ ಕೂಡುವ ಅವಕಾಶ ಕೊಟ್ಟದ್ದು ಇಂಥ ಘಟನೆಗಳಿಗೆ ಮಾತ್ರ.

ಇನ್ನು ನಿಮ್ಮ ‘ಮತ್ತು’. ಮನೆಮಾತು ತುಳು ಮತ್ತು ಕೊಂಕಣಿ ಎರಡೂ ಆಗಿರುವ ಸಂಭವನೀಯತೆ? ನಿಮ್ಮ ಸಾಲಿನ ಪ್ರಕಾರ 14/40 × 4/40. ನಿಜವಾದ ಉತ್ತರ 0, ಅಂಥ ಮಗುವೇ ಪಟ್ಟಿಯಲ್ಲಿಲ್ಲ. ಹಾಗೆ ನೇರವಾಗಿ ಗುಣಿಸುವುದು ಸ್ವತಂತ್ರ ಘಟನೆಗಳನ್ನು, ಅಂದರೆ ಒಂದು ಆಯಿತು ಅಂತ ಗೊತ್ತಾದರೂ ಇನ್ನೊಂದರ ಸಂಭವನೀಯತೆ ಬದಲಾಗದವನ್ನು. ಇವು ಸ್ವತಂತ್ರ ಅಲ್ಲವೇ ಅಲ್ಲ. ಮನೆಮಾತು ತುಳು ಅಂತ ಗೊತ್ತಾದ ಕ್ಷಣ ಕೊಂಕಣಿಯ ಸಂಭವನೀಯತೆ 4/40ರಿಂದ ಸೊನ್ನೆಗೆ ಬೀಳುತ್ತದೆ. ವರ್ಜಕ ಬೇರೆ, ಸ್ವತಂತ್ರ ಬೇರೆ. ಇದನ್ನು ದಯವಿಟ್ಟು ಕಲಸಬೇಡಿ.

ಇನ್ನೊಂದು ನೋಡಿ. ಒಬ್ಬರಾದ ಮೇಲೆ ಒಬ್ಬರಂತೆ ಇಬ್ಬರನ್ನು ಆರಿಸಿದಿರಿ. ಒಬ್ಬರು ತುಳು ಮನೆಯವರು ಮತ್ತು ಇನ್ನೊಬ್ಬರು ಕೊಂಕಣಿ ಮನೆಯವರು ಆಗಬೇಕು. ಮೊದಲು ತುಳು ಬಂದರೆ 14/40 × 4/39, ಯಾಕೆಂದರೆ ಒಬ್ಬರನ್ನು ಆರಿಸಿದ ಮೇಲೆ ಉಳಿಯುವುದು 39 ಮಂದಿ. ಮೊದಲು ಕೊಂಕಣಿ ಬಂದರೆ 4/40 × 14/39. ಈ ಎರಡು ಕ್ರಮ ಒಟ್ಟಿಗೆ ಆಗಲಾರವು, ಹಾಗಾಗಿ ಕೂಡಬೇಕು: 112/1560, ಅಂದರೆ 14/195. ಪ್ರಶ್ನೆಯಲ್ಲಿ ‘ಮತ್ತು’ ಮಾತ್ರ ಇತ್ತು. ಲೆಕ್ಕದಲ್ಲಿ ಗುಣಾಕಾರವೂ ಬಂತು, ಸಂಕಲನವೂ ಬಂತು.

ಪರೀಕ್ಷೆಯಲ್ಲಿ ಸಮಯ ಸಾಲುವುದಿಲ್ಲ, ಅದಕ್ಕೇ ಸುಲಭದ ಸಾಲು ಬೇಕು ಅಂದಿದ್ದೀರಿ. ನಾನು ಒಪ್ಪುವುದಿಲ್ಲ. “ಇವೆರಡೂ ಒಟ್ಟಿಗೆ ಆಗಬಹುದಾ?” ಅಂತ ಕೇಳಿಕೊಳ್ಳಲು ಎರಡು ಸೆಕೆಂಡು ಜಾಸ್ತಿ. ಇಸ್ಪೀಟಿನಲ್ಲಿ ರಾಜ ಅಥವಾ ರಾಣಿ ಅಂದರೆ 8/52, ಯಾಕೆಂದರೆ ಒಂದೇ ಎಲೆ ಎರಡೂ ಆಗದು. ರಾಜ ಅಥವಾ ಹಾರ್ಟ್ಸ್ ಅಂದರೆ 17 ಅಲ್ಲ, 16/52. ಹಾರ್ಟ್ಸ್ ರಾಜನನ್ನು ಎರಡು ಸಲ ಎಣಿಸಬಾರದು. ನಿಮ್ಮ ಸಾಲನ್ನು ಮರೆತುಬಿಡಿ, ಈ ಪ್ರಶ್ನೆಯನ್ನು ಇಟ್ಟುಕೊಳ್ಳಿ.

ಮರುವರ್ಷ ನನಗೆ ಬೇರೆ ಶಾಲೆಯಲ್ಲಿ ಕೆಲಸ ಸಿಕ್ಕಿತು. ಈ ಪಾಠ ಬಂದಾಗ ನಾನು ಮೊದಲು ಬೋರ್ಡ್ ಮುಟ್ಟುವುದಿಲ್ಲ. ತುಳು ಬರುವವರು ಕೈ ಎತ್ತಿ ಅನ್ನುತ್ತೇನೆ. ಆಮೇಲೆ ಕೊಂಕಣಿ ಬರುವವರು. ಕೆಲವು ಮಕ್ಕಳ ಕೈ ಎರಡೂ ಸಲ ಮೇಲೆ ಹೋಗುತ್ತದೆ. ಅವರನ್ನು ಎದುರಿಗೆ ಕರೆದು ನಿಲ್ಲಿಸುತ್ತೇನೆ. ಸೂತ್ರ ಬರೆಯುವುದು ಅದಾದ ಮೇಲೆ.