ಸುಮ್ಮನಿರಬಹುದು, ಆದರೆ ಸುಳ್ಳು ಸಾಕ್ಷಿ ಹೇಳಬೇಡ

ತಂಗಿ,

ಅಣ್ಣಾ ಅಂತ ಕರೆದು ಬರೆದಿದ್ದೀಯ, ಅದಕ್ಕೆ ನಾನೂ ನೀನು ಅಂತಲೇ ಬರೆಯುತ್ತೇನೆ. ಈ ದೇಶಕ್ಕೆ ಬಂದು ಎಂಟು ತಿಂಗಳಾಯಿತು, ರೂಮು ಕೊಡಿಸಿದ್ದು ಸಭೆಯವರು, ಅಂದರೆ ಚರ್ಚಿನವರು, ಭಾನುವಾರ ಹಾಡುವ ತಂಡದಲ್ಲಿ ನಿಲ್ಲುತ್ತೀಯ, ಆದರೆ ಹಾಡುವ ಮಾತನ್ನು ಈಗ ನಂಬಲು ಆಗುತ್ತಿಲ್ಲ. "ಹೇಳಿದರೆ ಎಲ್ಲರನ್ನೂ ಕಳೆದುಕೊಳ್ಳುತ್ತೇನೆ, ಹೇಳದಿದ್ದರೆ ನಾನು ಮೋಸಗಾತಿ. ಹೊರದೇಶದ ಬದುಕು ಅಂದರೆ ಇದೇನಾ?" ಅಂತ ಕೇಳಿದ್ದೀಯ.

ನಾನು ಬಂದು 19 ವರ್ಷವಾಯಿತು. ಅದರಲ್ಲಿ ಆರು ವರ್ಷ ಹೀಗೇ ಮುಚ್ಚಿಟ್ಟುಕೊಂಡು ಬದುಕಿದ್ದೇನೆ. ಮೊದಲು ಇದನ್ನು ಕೇಳು: ನೀನು ಮೋಸಗಾತಿ ಅಲ್ಲ. ಸುಮ್ಮನಿರುವುದು ಬೇರೆ, ಸುಳ್ಳು ಹೇಳುವುದು ಬೇರೆ. ಈ ವ್ಯತ್ಯಾಸ ನನಗೆ ತಡವಾಗಿ ಗೊತ್ತಾಯಿತು.

ಊರಲ್ಲಿದ್ದಾಗ ಸಭೆಯ ಆಚೆಗೂ ನಮಗೆ ಜನ ಇರುತ್ತಾರೆ. ಇಲ್ಲಿ ಮೊದಲ ದಿನ ಕರೆದುಕೊಂಡು ಹೋಗಲು ಬಂದವರು ಅವರೇ, ಹಾಸಿಗೆ ಕೊಟ್ಟವರು ಅವರೇ, ಜ್ವರ ಬಂದಾಗ ಬಾಗಿಲು ತಟ್ಟುವವರೂ ಅವರೇ. ಅವರ ಪ್ರೀತಿ ನಾಟಕವಲ್ಲ, ಅದಕ್ಕೇ ಇದು ಇಷ್ಟು ಕಷ್ಟ. ಜೊತೆಗೆ ಇವಾಂಜೆಲಿಕಲ್ ಸಭೆಗಳ ರೀತಿಯೇ ಹಾಗೆ. ಡೇವಿಡ್ ಬೆಬಿಂಗ್ಟನ್ ಎಂಬ ಇತಿಹಾಸಕಾರ 1989ರಲ್ಲಿ ಇವರ ನಾಲ್ಕು ಗುರುತು ಹೇಳಿದರು: ಮನಸ್ಸು ತಿರುಗಿದ ಅನುಭವ, ಸತ್ಯವೇದ (ಬೈಬಲ್), ಶಿಲುಬೆ, ಸುವಾರ್ತೆಗಾಗಿ (ಯೇಸುವಿನ ಸಂದೇಶಕ್ಕಾಗಿ) ದುಡಿಯುವುದು. ಕ್ರೈಸ್ತ ಮನೆಯಲ್ಲಿ ಹುಟ್ಟಿದರೆ ಸಾಲದು. ಯಾವತ್ತು ಯೇಸುವನ್ನು ನಂಬಿ ರಕ್ಷಣೆ ಹೊಂದಿದೆ, ಹೇಗೆ ಹೊಂದಿದೆ ಅಂತ ಕೇಳುತ್ತಾರೆ. ಬರೀ ಪದ್ಧತಿ ಆಗಿದ್ದರೆ ಪದ್ಧತಿ ಮಾಡಿ ಮನೆಗೆ ಬರಬಹುದಿತ್ತು. ಇಲ್ಲಿ ಕೇಳುವುದು ಒಳಗಿನ ಮನಸ್ಸನ್ನೇ. ಆ ಮನಸ್ಸೇ ಅಲ್ಲಾಡಿದರೆ ಎಲ್ಲಿ ಅಡಗುವುದು, ಅಲ್ವಾ?

ನನ್ನ ತಪ್ಪೊಂದನ್ನು ನಿನಗೆ ಹೇಳಲೇಬೇಕು. ಮೂರನೇ ವರ್ಷ, ಯುವಕರ ಶಿಬಿರದಲ್ಲಿ ಸಾಕ್ಷಿ ಹೇಳು, ಅಂದರೆ ನಿನಗೆ ನಂಬಿಕೆ ಹೇಗೆ ಬಂತು ಅಂತ ಎಲ್ಲರ ಮುಂದೆ ಹೇಳು ಅಂದರು. ಆಗ ನನ್ನಲ್ಲಿ ನಂಬಿಕೆ ಹೆಚ್ಚುಕಡಿಮೆ ಬತ್ತಿಹೋಗಿತ್ತು. ಆಗಲ್ಲ ಅನ್ನಲು ಧೈರ್ಯ ಬರಲಿಲ್ಲ. ಹಳೆಯ ಸಾಕ್ಷಿಯನ್ನೇ ಇವತ್ತಿನದು ಅನ್ನುವ ಹಾಗೆ, ಕಣ್ಣಲ್ಲಿ ನೀರು ತಂದುಕೊಂಡು ಹೇಳಿದೆ. ಕೆಲವು ವಾರದ ಮೇಲೆ ಒಬ್ಬ ಹುಡುಗ ದೀಕ್ಷಾಸ್ನಾನ ತೆಗೆದುಕೊಂಡ. ನೀರಿನಿಂದ ಎದ್ದು ಬಂದವನು ಒದ್ದೆ ಬಟ್ಟೆಯಲ್ಲೇ ನನ್ನನ್ನು ತಬ್ಬಿಕೊಂಡು, "ಅವತ್ತು ನಿಮ್ಮ ಸಾಕ್ಷಿ ಕೇಳದಿದ್ದರೆ ನಾನು ಇಲ್ಲಿ ಇರುತ್ತಿರಲಿಲ್ಲ" ಅಂದ. ನನ್ನ ಅಂಗಿಯೂ ಒದ್ದೆಯಾಯಿತು. ಆ ರಾತ್ರಿ ನಿದ್ದೆ ಬರಲಿಲ್ಲ. ಅವನ ನಂಬಿಕೆ ನಿಜವೇ ಇರಬಹುದು, ಆದರೆ ನಾನು ಕೊಟ್ಟದ್ದು ನಿಜವಲ್ಲ. ಅದಕ್ಕೇ ಹೇಳುತ್ತೇನೆ, ಬಾಯಿ ಮುಚ್ಚಿಕೊಂಡಿರು ಪರವಾಗಿಲ್ಲ, ಇಲ್ಲದ್ದನ್ನು ಇದೆ ಅಂತ ಮಾತ್ರ ಹೇಳಬೇಡ. ಸಾಕ್ಷಿ ಕೇಳಿದರೆ "ಈಗ ಬೇಡ" ಅನ್ನು. ಗುಂಪಿನಲ್ಲಿ ಪ್ರಾರ್ಥಿಸುವ ಸರದಿ ಬಂದಾಗ ಪಕ್ಕದವರ ಕೈ ಮೆಲ್ಲಗೆ ಒತ್ತಿದರೆ ಸಾಕು, ಮುಂದಿನವರು ಶುರು ಮಾಡುತ್ತಾರೆ. ಹಾಡುವ ತಂಡವನ್ನೂ ನಿಧಾನವಾಗಿ ಬಿಡು, ಕೆಲಸ ಜಾಸ್ತಿ ಅನ್ನುವ ನೆಪ ಬೇಡ. "ನನಗೆ ಸ್ವಲ್ಪ ದಿನ ಸುಮ್ಮನೆ ಕೂತು ಕೇಳಬೇಕು ಅನ್ನಿಸಿದೆ" ಅನ್ನು. ಅದು ನಿಜ ತಾನೇ?

ಅನುಮಾನ ಬಂತು ಅಂದರೆ ಏನೋ ಪಾಪ ಮಾಡಿದ್ದೀಯ ಅಂತ ಯಾರಾದರೂ ಅಂದರೆ ಒಪ್ಪಬೇಡ. ಅನುಮಾನಿಸುವವನು ಗಾಳಿಗೆ ಸಿಕ್ಕ ಅಲೆಯ ಹಾಗೆ ಅಂತ ಸತ್ಯವೇದದಲ್ಲಿರುವ ಯಾಕೋಬನ ಪತ್ರಿಕೆ (ಪತ್ರ) ಹೇಳುತ್ತದೆ, ಸಭೆಯಲ್ಲಿ ಅದನ್ನೇ ಹೆಚ್ಚು ಓದುತ್ತಾರೆ. ಆದರೆ ಸಂಶಯಪಡುವವರಿಗೆ ಕರುಣೆ ತೋರಿಸಿ ಅಂತ ಯೂದನ ಪತ್ರಿಕೆಯಲ್ಲೂ ಇದೆ. ಸತ್ಯವೇದದ 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಸಮಾಧಾನದ ಒಂದು ಸಾಲೂ ಕೊನೆಯಲ್ಲಿಲ್ಲ. ಬಿಲ್ಲಿ ಗ್ರಹಾಂ ಮತ್ತು ಚಾರ್ಲ್ಸ್ ಟೆಂಪಲ್ಟನ್ 1940ರ ದಶಕದಲ್ಲಿ ಜೊತೆಯಾಗಿ ಬೋಧಿಸುತ್ತಿದ್ದ ಗೆಳೆಯರು. ಟೆಂಪಲ್ಟನ್ ತಮ್ಮ ಅನುಮಾನಗಳನ್ನು ಮುಚ್ಚಿಡದೆ ಗ್ರಹಾಂ ಮುಂದೆ ಇಟ್ಟರು. ಗ್ರಹಾಂ ಕೂಡ ಅಲ್ಲಾಡಿಹೋದರು. 1949ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಶಿಬಿರದಲ್ಲಿ, ಕಾಡಿನ ನಡುವೆ ಮರದ ಬೊಡ್ಡೆಯ ಮೇಲೆ ಸತ್ಯವೇದ ಇಟ್ಟು ಪ್ರಾರ್ಥಿಸಿ, ನಂಬುತ್ತೇನೆ ಅಂತ ನಿರ್ಧಾರ ಮಾಡಿದರು. ಟೆಂಪಲ್ಟನ್ 1957ರಲ್ಲಿ ಸೇವೆಯನ್ನೇ ಬಿಟ್ಟರು. ಆದರೂ ಗೆಳೆತನ ಉಳಿಯಿತು. ನೀನು ಯಾವ ಕಡೆ ಹೋಗುತ್ತೀಯೋ ನನಗೆ ಗೊತ್ತಿಲ್ಲ, ನಾನು ತಳ್ಳುವುದೂ ಇಲ್ಲ.

ಹೇಳುವ ಮುಂಚೆ ಕಾಲ ಕೆಳಗಿನ ನೆಲ ನೋಡಿಕೋ. ಧರ್ಮ, ನಂಬಿಕೆ ಬದಲಾಯಿಸುವ ಸ್ವಾತಂತ್ರ್ಯ 1948ರ ಮಾನವ ಹಕ್ಕುಗಳ ಘೋಷಣೆಯ 18ನೇ ವಿಧಿಯಲ್ಲಿದೆ. ಆದರೆ ಆ ವಿಧಿ ರೂಮು ಕೊಡಿಸುವುದಿಲ್ಲ. ವೀಸಾ, ಕೆಲಸ, ಫೀಸು, ಇವುಗಳಲ್ಲಿ ಯಾವುದಾದರೂ ಸಭೆಯ ಮೇಲೆ ನಿಂತಿದೆಯಾ? ಕಾಲೇಜಿನಲ್ಲಿ, ಇಂಥದ್ದನ್ನು ನಂಬುತ್ತೇನೆ ಅನ್ನುವ ನಂಬಿಕೆಯ ಹೇಳಿಕೆಗೆ ಸಹಿ ಹಾಕಿದ್ದೀಯಾ? ಇದ್ದರೆ ಮೊದಲು ಬೇರೆ ದಾರಿ ಮಾಡಿಕೋ. ಸಭೆಗೆ ಸಂಬಂಧವಿಲ್ಲದ ಇಬ್ಬರು ಗೆಳೆಯರನ್ನಾದರೂ ಹುಡುಕಿಕೋ. ಇದು ಸ್ವಾರ್ಥ ಅಲ್ಲ. ಮತ್ತೆ, ಗುಂಪಿನಲ್ಲಿ "ನನಗಾಗಿ ಪ್ರಾರ್ಥಿಸಿ" ಅಂತ ಇದನ್ನು ಹೇಳಬೇಡ. ಯಾರಿಗೂ ಕೆಟ್ಟ ಮನಸ್ಸಿರುವುದಿಲ್ಲ, ಆದರೂ ಸಂಜೆಯೊಳಗೆ ವಾಟ್ಸಾಪ್‌ನಲ್ಲಿ ಊರಿಗೆ ಮುಟ್ಟುತ್ತದೆ.

ಒಬ್ಬರಿಗೆ ಹೇಳು. ನನಗೆ ಸಿಕ್ಕವರು ಪಕ್ಕದಲ್ಲೇ ಕೂರುತ್ತಿದ್ದ ವಯಸ್ಸಾದ ಆಂಟಿ. ಅವತ್ತು ಕರ್ತನ ಭೋಜನ, ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ದಿನ. ಪಾಸ್ಟರ್ ಕೊರಿಂಥದವರಿಗೆ ಬರೆದ ಪತ್ರಿಕೆಯಿಂದ, ಅಯೋಗ್ಯವಾಗಿ ಕುಡಿಯುವವನು ಅಪರಾಧಿ ಅನ್ನುವ ಮಾತು ಓದಿದರು. ಹೆಬ್ಬೆರಳಿನಷ್ಟು ಪ್ಲಾಸ್ಟಿಕ್ ಲೋಟವನ್ನು ಎಲ್ಲರೂ ಎತ್ತಿದರು. ನಾನು ತುಟಿಗೆ ತಾಗಿಸಿ ಇಳಿಸಿದೆ. ಖಾಲಿ ಲೋಟ ಇಡಲು ಮುಂದಿನ ಬೆಂಚಿನ ಬೆನ್ನಿಗೆ ತೂತುಗಳಿದ್ದವು. ತುಂಬಿದ್ದನ್ನು ಅಲ್ಲಿ ಹೇಗೆ ಇಡುವುದು? ಹಾಡು ಮುಗಿಯುವವರೆಗೆ ಅಂಗೈಯಲ್ಲೇ ಮುಚ್ಚಿ ಹಿಡಿದು ನಿಂತೆ, ಬೆರಳ ಸಂದಿಯಲ್ಲಿ ದ್ರಾಕ್ಷಾರಸ ಇಳಿಯುತ್ತಿತ್ತು. ಆಂಟಿ ನೋಡಿದರು. ತಮ್ಮ ಕರವಸ್ತ್ರ ಕೊಟ್ಟರು. ಹೊರಗೆ ಬಂದ ಮೇಲೆ, "ಏನಾಗಿದೆ ಅಂತ ಕೇಳಲ್ಲ ಮಗಾ. ಶನಿವಾರ ಮನೆಗೆ ಬಾ" ಅಂದರು. ಹೋದೆ, ಎಲ್ಲ ಹೇಳಿದೆ. ಅವರ ಗಂಡ ತೀರಿಕೊಂಡ ಮೇಲೆ ಎರಡು ವರ್ಷ ಪ್ರಾರ್ಥನೆ ಬಾಯಿಗೆ ಬಂದಿರಲಿಲ್ಲವಂತೆ. ನನ್ನ ವಿಷಯ ಅವರು ಯಾರ ಹತ್ತಿರವೂ ಎತ್ತಲಿಲ್ಲ. ಅವರು ಕೊನೆಯವರೆಗೂ ಗಟ್ಟಿ ವಿಶ್ವಾಸಿ. ನಿನ್ನ ಸಭೆಯಲ್ಲೂ ಅಂಥವರು ಇರುತ್ತಾರೆ. ಬೇರೆಯವರ ಗುಟ್ಟನ್ನು ನಿನ್ನ ಮುಂದೆ ಯಾವತ್ತೂ ಬಿಚ್ಚದವರು ಯಾರು ಅಂತ ಗಮನಿಸು.

ಭಾನುವಾರ ಅಮ್ಮ ಫೋನಿನಲ್ಲಿ ಕೇಳುವ ಪ್ರಶ್ನೆಗಳಿಗೆ ಏನು ಹೇಳಲಿ ಅಂದಿದ್ದೀಯ. ಪಾಸ್ಟರ್ ಪ್ರಸಂಗದಲ್ಲಿ (ಬೋಧನೆಯಲ್ಲಿ) ಏನು ಹೇಳಿದರೋ ಅದನ್ನು ಹೇಳು, ಯಾವ ಹಾಡು ಹಾಡಿದರೋ ಅದನ್ನು ಹೇಳು. ನಮ್ಮಮ್ಮ ಮಾತ್ರ "ನನಗಾಗಿ ಪ್ರಾರ್ಥನೆ ಮಾಡ್ತೀಯಾ?" ಅಂತ ನೇರವಾಗಿ ಕೇಳುತ್ತಿದ್ದರು. "ದಿನಾ ರಾತ್ರಿ ನಿನ್ನ ನೆನಪು ಮಾಡಿಕೊಳ್ಳುತ್ತೇನೆ ಅಮ್ಮ" ಅನ್ನುತ್ತಿದ್ದೆ. ಅದು ನಿಜವಾಗಿತ್ತು.