ಓದುಗರ ಪ್ರಶ್ನೆ: ಮಳೆಗಾಲಕ್ಕೆಂದು ಕೂಡಿಟ್ಟ ಲೇಖನಗಳು

ಪ್ರಶ್ನೆ: ನಾನು ನಾಪೋಕ್ಲು ಕಡೆಯ ಕಾಫಿ ಬೆಳೆಗಾರ. ಕಾಫಿ, ಕರಿಮೆಣಸಿನ ಬಗ್ಗೆ ಅಂತರ್ಜಾಲದಲ್ಲಿ ಕಂಡ ಲೇಖನಗಳನ್ನು ನಾಲ್ಕೈದು ವರ್ಷಗಳಿಂದ ಒಂದು ಆ್ಯಪ್‌ನಲ್ಲಿ ಕೂಡಿಡುತ್ತಿದ್ದೆ. ಅದು ಮುಚ್ಚಿಹೋಯಿತು. ಅದಕ್ಕೂ ಮುನ್ನ ಇಳಿಸಿಕೊಂಡ ಕಡತದಲ್ಲಿ ಬರೀ ಲಿಂಕ್‌ಗಳಿವೆ. ಅವುಗಳಲ್ಲೂ ಹಲವು ಈಗ ತೆರೆಯುವುದಿಲ್ಲ. ಕಕ್ಕಡ ತಿಂಗಳಲ್ಲಿ (ಜುಲೈ–ಆಗಸ್ಟ್‌ನ ಜೋರು ಮಳೆಯ ಕಾಲ) ನಮ್ಮಲ್ಲಿ ಕರೆಂಟ್ ಹೋದರೆ ಎರಡು ಮೂರು ದಿನ ಬರುವುದಿಲ್ಲ, ಟವರ್‌ನ ಬ್ಯಾಟರಿ ಮುಗಿದ ಮೇಲೆ ನೆಟ್‌ವರ್ಕ್ ಕೂಡ ಇರುವುದಿಲ್ಲ. ಓದಲು ಬಿಡುವಾಗುವುದು ಆಗಲೇ. ಯಾವ ಆ್ಯಪ್ ನಂಬಬಹುದು?

ಉತ್ತರ: ತಾವು ಆ್ಯಪ್‌ನ ಹೆಸರು ತಿಳಿಸಿಲ್ಲ, ತಿಳಿಸಿದ್ದರೂ ಉತ್ತರ ಹೆಚ್ಚು ಬದಲಾಗುತ್ತಿರಲಿಲ್ಲ. ಈ ಬಗೆಯ ಸೇವೆಗಳ ಪೈಕಿ ಅತ್ಯಂತ ಹೆಸರಾಗಿದ್ದ ಪಾಕೆಟ್, 2007ರಲ್ಲಿ ‘ರೀಡ್ ಇಟ್ ಲೇಟರ್’ ಎಂಬ ಹೆಸರಿನಲ್ಲಿ ಆರಂಭವಾಗಿ, 2012ರಲ್ಲಿ ಹೆಸರು ಬದಲಿಸಿಕೊಂಡು, 2017ರಲ್ಲಿ ಫೈರ್‌ಫಾಕ್ಸ್ ಬ್ರೌಸರ್‌ನ ತಯಾರಕ ಮೊಜಿಲ್ಲಾದ ಕೈಸೇರಿ, 2025ರ ಜುಲೈ 8ರಂದು ನಿಂತೇಹೋಯಿತು. ಅದಕ್ಕೆ ಬದಲಿಯೆಂದು ಹಲವರು ಮೆಚ್ಚಿಕೊಂಡಿದ್ದ ಆಮ್ನಿವೋರ್ 2024ರ ನವೆಂಬರ್‌ನಲ್ಲಿಯೇ ಮುಚ್ಚಿತ್ತು. 2008ರಲ್ಲಿ ಹುಟ್ಟಿದ ಇನ್‌ಸ್ಟಾಪೇಪರ್ ಹಲವು ಮಾಲೀಕರನ್ನು ಕಂಡರೂ ಉಳಿದುಕೊಂಡಿದೆ. ತಾವು ಆ್ಯಪ್ ಒಂದನ್ನೇ ಬಯಸುವುದಾದರೆ ಮೊದಲು ಅದನ್ನೇ ನೋಡಬಹುದು. ಆದರೆ ಮತ್ತೆ ನಾಲ್ಕು ವರ್ಷದ ಸಂಗ್ರಹವನ್ನು ಅದೊಂದರಲ್ಲಿಯೇ ಇಡುವುದನ್ನು ನಾನು ಒಪ್ಪುವುದಿಲ್ಲ.

ತಮಗಾದ ನಷ್ಟದ ಮೂಲ ಬೇರೆಯದು. ಲೇಖನವನ್ನು ‘ಸೇವ್’ ಮಾಡಿದಾಗ ತಮ್ಮ ಖಾತೆಗೆ ಸೇರುವುದು ಮುಖ್ಯವಾಗಿ ಅದರ ವಿಳಾಸ. ಲೇಖನದ ಮೈಯನ್ನು ಆ್ಯಪ್ ಬೇರೆಯಾಗಿ, ನೆಟ್‌ವರ್ಕ್ ಇದ್ದಾಗ, ತನ್ನನ್ನು ತೆರೆದಾಗ ಇಳಿಸಿಕೊಳ್ಳುತ್ತದೆ. ಸೇವೆ ಮುಚ್ಚುವಾಗ ಹಿಂತಿರುಗಿಸುವ ಕಡತದಲ್ಲಿ ಸಾಮಾನ್ಯವಾಗಿ ವಿಳಾಸ, ಶೀರ್ಷಿಕೆ, ಕೂಡಿಟ್ಟ ದಿನಾಂಕ ಇಷ್ಟೇ ಇರುತ್ತವೆ. ಮೂಲ ಜಾಲತಾಣವೂ ಪುಟವನ್ನು ತೆಗೆದಿದ್ದರೆ ಆ ವಿಳಾಸ ಗೇಟು ಉಳಿದು ಮನೆ ಬಿದ್ದ ತೋಟದಂತೆ. ತೆರೆಯದ ಲಿಂಕ್‌ಗಳನ್ನು, ಜಾಲಪುಟಗಳ ಹಳೆಯ ಪ್ರತಿಗಳನ್ನು ಕಾಯ್ದಿಡುವ ಇಂಟರ್ನೆಟ್ ಆರ್ಕೈವ್‌ನ ‘ವೇಬ್ಯಾಕ್ ಮೆಷಿನ್’ ಪುಟದಲ್ಲಿ ಒಂದೊಂದಾಗಿ ಹಾಕಿ ನೋಡಿ. ಎಲ್ಲವೂ ಸಿಗಲಾರವು, ಕೆಲವಾದರೂ ಹಳೆಯ ಪ್ರತಿಯ ರೂಪದಲ್ಲಿ ಸಿಗುವ ಸಾಧ್ಯತೆಯಿದೆ.

ಆದ್ದರಿಂದ ಸುಮ್ಮನೆ ಓದಿ ಮರೆಯುವ ಲೇಖನಗಳಿಗೆ ಆ್ಯಪ್ ಸಾಕು. ತೋಟಕ್ಕೆ ಬೇಕಾದವುಗಳನ್ನು ಮಾತ್ರ ಪಿಡಿಎಫ್ ಮಾಡಿ ಫೋನಿನಲ್ಲಿಯೂ ಒಂದು ಪೆನ್‌ಡ್ರೈವ್‌ನಲ್ಲಿಯೂ ಇಡಿ. ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಿ ಮೇಲಿನ ಮೂರು ಚುಕ್ಕಿಗಳನ್ನು ಒತ್ತಿ, ‘ಷೇರ್’, ‘ಪ್ರಿಂಟ್’ ಎಂದು ಮುಂದುವರಿದರೆ ‘ಸೇವ್ ಆ್ಯಸ್ ಪಿಡಿಎಫ್’ ಸಿಗುತ್ತದೆ. ಕಡತಕ್ಕೆ ತಮಗೆ ನೆನಪಾಗುವ ಹೆಸರನ್ನೇ ಕೊಡಿ. ಕ್ರೋಮ್ ತಾನೇ ಕೊಡುವ ಉದ್ದನೆಯ ಇಂಗ್ಲಿಷ್ ಹೆಸರು ಜುಲೈ ತಿಂಗಳ ಕತ್ತಲಲ್ಲಿ ಹುಡುಕಿದರೆ ಸಿಗುವುದಿಲ್ಲ.

ಮತ್ತೊಂದು ಸಂಗತಿಯನ್ನು ನಾನೇ ಅನುಭವಿಸಿ ಕಲಿತೆ. ಕರಿಮೆಣಸಿನ ಬಳ್ಳಿಯ ಸೊರಗು ರೋಗಕ್ಕೆ ಸಿಂಪಡಿಸುವ ಶೇ 1ರ ಬೋರ್ಡೋ ದ್ರಾವಣದ ಬಗ್ಗೆ ಒಂದು ಲೇಖನವನ್ನು ಕೂಡಿಟ್ಟಿದ್ದೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬ ಮಾತು ಉಳಿದಿತ್ತು. ದ್ರಾವಣದಲ್ಲಿ ಕಬ್ಬಿಣದ ಚಾಕುವನ್ನು ಅದ್ದಿ ‘ಚಿತ್ರದಲ್ಲಿರುವಂತೆ ಕೆಂಪಾದರೆ ಇನ್ನಷ್ಟು ಸುಣ್ಣ ಸೇರಿಸಿ’ ಎಂದೂ ಇತ್ತು, ಆದರೆ ಆ ಚಿತ್ರವಿದ್ದ ಜಾಗ ಖಾಲಿಯಾಗಿತ್ತು. ಪ್ರಮಾಣಗಳ ಕೋಷ್ಟಕವೂ ಮಾಯವಾಗಿತ್ತು. ಜಾಹೀರಾತುಗಳನ್ನು ತೆಗೆದು ಓದಲು ಹಿತವಾಗುವಂತೆ ಪುಟವನ್ನು ಚೊಕ್ಕಟ ಮಾಡುವಾಗ ಈ ಆ್ಯಪ್‌ಗಳು ಚಿತ್ರ, ಕೋಷ್ಟಕಗಳನ್ನೂ ಕಸವೆಂದು ಗುಡಿಸಿಬಿಡುವುದುಂಟು. ಹಾಗಾಗಿ ಮೇ ತಿಂಗಳಿನಲ್ಲಿಯೇ ಫೋನನ್ನು ‘ಫ್ಲೈಟ್ ಮೋಡ್’ಗೆ ಹಾಕಿ, ತಮಗೆ ಮುಖ್ಯವಾದ ಪ್ರತಿಯೊಂದು ಲೇಖನವನ್ನು ಒಮ್ಮೆ ಕೊನೆಯವರೆಗೆ ಸರಿಸಿ ನೋಡಿ. ಕಾಣದ್ದನ್ನು ಆಗಲೇ ಮತ್ತೆ ಇಳಿಸಿಕೊಳ್ಳಬಹುದು.

ಕಂಪ್ಯೂಟರ್ ಬಲ್ಲ ಮಕ್ಕಳು ಮನೆಯಲ್ಲಿದ್ದರೆ ‘ವಾಲಬ್ಯಾಗ್’ ಎಂಬ ಮುಕ್ತ ತಂತ್ರಾಂಶವನ್ನು ತೋರಿಸಿ. ಅದು ಲೇಖನದ ಪಠ್ಯವನ್ನೇ ಇರಿಸಿಕೊಳ್ಳುತ್ತದೆ, ಪಿಡಿಎಫ್ ಇಲ್ಲವೇ ಇ–ಪಬ್ (ಇ–ಪುಸ್ತಕದ ಕಡತ) ರೂಪದಲ್ಲಿ ಹೊರತೆಗೆಯಲು ಬಿಡುತ್ತದೆ, ಸ್ವಂತ ಸರ್ವರ್‌ನಲ್ಲಿಯೂ ನಡೆಸಬಹುದು. ಸರ್ವರ್ ಎಂದೊಡನೆ ಬೇಸರವಾಗುವುದಾದರೆ ಪಿಡಿಎಫ್‌ಗೇ ನಿಲ್ಲಿ.

ಪ್ರಶ್ನೆ: ಸೋಮವಾರಪೇಟೆಯ ನಿವೃತ್ತ ಶಿಕ್ಷಕಿ ನಾನು. ಕೆಲವು ಹಳೆಯ ಕನ್ನಡ ಜಾಲತಾಣಗಳ ಲೇಖನಗಳನ್ನು ಕೂಡಿಟ್ಟರೆ, ಆ್ಯಪ್‌ನಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಫೋನು ಕೆಟ್ಟಿದೆಯೇ?

ಉತ್ತರ: ಫೋನು ಸರಿಯಾಗಿದೆ, ಮೇಡಂ. ಆ ಪುಟಗಳು, ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡ್ ವ್ಯವಸ್ಥೆ ಬಳಕೆಗೆ ಬರುವ ಮುನ್ನ, ಹಳೆಯ ನುಡಿ, ಬರಹದಂತಹ ಫಾಂಟ್‌ಗಳಲ್ಲಿ ಸಿದ್ಧವಾದವು. ಅವುಗಳ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ. ಫಾಂಟ್ ಅವಕ್ಕೆ ಕನ್ನಡದ ವೇಷ ತೊಡಿಸುತ್ತಿತ್ತು. ಆ್ಯಪ್ ಪುಟವನ್ನು ಚೊಕ್ಕಟ ಮಾಡುವಾಗ ಫಾಂಟ್ ಬಿಟ್ಟುಹೋಗಿ ವೇಷ ಕಳಚುತ್ತದೆ. ಅಂತಹ ಪುಟ ಬ್ರೌಸರ್‌ನಲ್ಲಿ ಕನ್ನಡದಲ್ಲಿಯೇ ಕಾಣುತ್ತಿದ್ದರೆ, ನೇರವಾಗಿ ಅಲ್ಲಿಂದಲೇ ಪಿಡಿಎಫ್ ಮಾಡಿಕೊಂಡಾಗ ಕನ್ನಡ ಉಳಿಯುತ್ತದೆ, ಆದರೆ ಆ ಪಿಡಿಎಫ್‌ನಲ್ಲಿ ಕನ್ನಡ ಪದವನ್ನು ಟೈಪ್ ಮಾಡಿ ಹುಡುಕಲಾಗದು. ಹುಡುಕುವ ಅಗತ್ಯವಿದ್ದರೆ ಪಠ್ಯವನ್ನು ನಕಲು ಮಾಡಿ, ನುಡಿ ಅಥವಾ ಬರಹದೊಂದಿಗೆ ಬರುವ ಪರಿವರ್ತಕದಲ್ಲಿ ಯೂನಿಕೋಡ್‌ಗೆ ಬದಲಾಯಿಸಿ. ಒತ್ತಕ್ಷರ ಮತ್ತು ಅರ್ಕಾವತ್ತು ಇರುವ ಕಡೆ ಒಮ್ಮೆ ತಾವೇ ತಿದ್ದಬೇಕಾಗಬಹುದು.